ಆರು ವರ್ಷ ತುಂಬಲಿ ಅಂತ ಕಾಯ್ಬೇಡಿ: ವಿಶೇಷ ಮಕ್ಕಳಿಗೆ ಸರ್ಕಾರದ ದುಡ್ಡು ಎಲ್ಲಿದೆ, ಎಷ್ಟಿದೆ?

ಗೆಜ್ಜಲಗೆರೆ: ಮಗುವಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡಲ್ಲ ಅಂದ್ರೆ ನಮ್ಮ ಕಡೆ ಹಿರಿಯರು ಹೇಳೋದು ಒಂದೇ ಮಾತು: 'ಅವರಪ್ಪನೂ ತಡವಾಗೇ ಮಾತಾಡಿದ್ದು. ಸ್ಕೂಲಿಗೆ ಸೇರಿದ್ಮೇಲೆ ಸರಿಹೋಯ್ತದೆ ಬುಡು.' ಸರ್ಕಾರದ ಲೆಕ್ಕವೂ ಹೆಚ್ಚುಕಮ್ಮಿ ಹೀಗೇ ಇದೆ. ತೊಂದರೆ ಆಗ್ತಿರೋದು ಅಲ್ಲೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40ಕ್ಕೆ ಕಮ್ಮಿಯಿಲ್ಲದ ವೈಕಲ್ಯ ಇರುವ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು. ಆದರೆ ಅದು 6ರಿಂದ 18 ವರ್ಷದವರಿಗೆ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗೆ ವರ್ಷಕ್ಕೆ ತಲಾ 3,500 ರೂ.ವರೆಗೆ ಅವಕಾಶವಿದೆ. ಭಾಗ ಹಾಕಿದರೆ ದಿನಕ್ಕೆ ಹತ್ತು ರೂಪಾಯಿಗೂ ಕಮ್ಮಿ. ಇದೂ ಮನೆಯವರ ಕೈಗೆ ಬರೋ ದುಡ್ಡಲ್ಲ. ತಪಾಸಣಾ ಶಿಬಿರ, ಸಾಧನ ಸಲಕರಣೆ, ಥೆರಪಿಯಂಥ ಖರ್ಚಿಗೆ. ಹೆಣ್ಣುಮಕ್ಕಳಿಗೆ ಮಾತ್ರ ತಿಂಗಳಿಗೆ 200 ರೂ.ನಂತೆ 10 ತಿಂಗಳು ಪ್ರತ್ಯೇಕ ಶಿಷ್ಯವೇತನ ಉಂಟು.

ಯೋಜನೆ ಪೂರ್ವ ಪ್ರಾಥಮಿಕದಿಂದಲೇ ಶುರು ಎನ್ನುತ್ತದೆ ಕಾಗದ. ಆದರೆ ಹಳ್ಳಿಯಲ್ಲಿ ಮೂರರಿಂದ ಆರು ವರ್ಷದ ಮಗು ಇರೋದು ಹೆಚ್ಚಾಗಿ ಅಂಗನವಾಡಿಯಲ್ಲಿ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಶಾಲೆ ಶಿಕ್ಷಣ ಇಲಾಖೆಗೆ. ಎರಡರ ನಡುವೆ ಮಗುವಿನ ಮೂರು ವರ್ಷ ಕಳೆದುಹೋಗುತ್ತದೆ.

ಆ ವರ್ಷಗಳ ಬೆಲೆ ಏನು ಅಂತ ಸರ್ಕಾರದ ಇನ್ನೊಂದು ಯೋಜನೆಯೇ ಹೇಳುತ್ತದೆ. ಕಿವಿ ಕೇಳದ ಮಕ್ಕಳಿಗೆ ಉಚಿತ ಕಾಕ್ಲಿಯರ್ ಇಂಪ್ಲಾಂಟ್ ಕೊಡುವ 'ಶ್ರವಣ ಸಂಜೀವಿನಿ' ಇರೋದು ಆರು ವರ್ಷದೊಳಗಿನವರಿಗೆ. ಅಂದರೆ ಶಿಕ್ಷಣದ ಬಾಗಿಲು ತೆರೆಯುವ ವಯಸ್ಸಿಗೆ ಚಿಕಿತ್ಸೆಯ ಬಾಗಿಲು ಮುಚ್ಚಿರುತ್ತದೆ.

ಪತ್ತೆ ಮಾಡುವ ವ್ಯವಸ್ಥೆ ಇಲ್ಲ ಅಂತಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿಶೇಷ ಮಕ್ಕಳಿಗಾಗಿಯೇ ಅಂಗನವಾಡಿ ಮಾರ್ಗಸೂಚಿ ತಂದಿದೆ. ಆದರೆ ಪತ್ತೆಯಾದ ಮೇಲೆ ಮಂಡ್ಯದ ಮಿಮ್ಸ್‌ಗೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಅಲೆಯೋದು ತಾಯಿ ತಾನೇ? ಒಂದು ಸಲ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಥೆರಪಿ ಒಂದು ಸಲಕ್ಕೆ ಮುಗಿಯೋದೂ ಅಲ್ಲ.

ಹಾಗಾದರೆ ಹತ್ತಿರದಲ್ಲಿ ದುಡ್ಡು ಎಲ್ಲಿದೆ? ನಾವೇ ಕಟ್ಟುವ ಕಂದಾಯದಲ್ಲಿ. ಸ್ಥಳೀಯ ಸಂಸ್ಥೆಗಳು ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಲಕ್ಷ ವಸೂಲಾದರೆ ಐದು ಸಾವಿರ. ಕೈಗಾರಿಕಾ ಪ್ರದೇಶ, ಮನ್‌ಮುಲ್ ಡೇರಿ, ಹೆದ್ದಾರಿ ಬದಿ ಅಂಗಡಿಗಳಿರುವ ಗೆಜ್ಜಲಗೆರೆ ಬರೀ ಮನೆಗಂದಾಯ ನಂಬಿಕೊಂಡ ಊರಲ್ಲ. ಮದ್ದೂರು ನಗರಸಭೆಗೆ ಊರನ್ನು ಸೇರಿಸುವ ಬಗ್ಗೆ ಜಗಳ ಏನೇ ಇರಲಿ, ಪಂಚಾಯಿತಿಯಾದರೂ ನಗರಸಭೆಯಾದರೂ ಈ ಶೇ 5 ತಪ್ಪುವುದಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಮೂರು ಪ್ರಶ್ನೆ ಕೇಳಿ. ಸ್ವಂತ ಆದಾಯ ಎಷ್ಟು? ಅದರ ಶೇ 5 ಯಾವುದಕ್ಕೆ ಖರ್ಚಾಯಿತು? ಅದರಲ್ಲಿ ಆರು ವರ್ಷದೊಳಗಿನ ಮಗು ಒಂದಾದರೂ ಇದೆಯಾ?

ಮನೆಯಲ್ಲಿ ಅಂಥ ಮಗು ಇದ್ದರೆ ಮೊದಲು ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಹೆಚ್ಚಿನ ನೆರವಿಗೆ ಅದೇ ಆಧಾರ. ಅಂಗಡಿಯವರೇ, ಗಿರಾಕಿ ಜೊತೆ ಬಂದ ಮಗು ಕರೆದರೂ ತಿರುಗದಿದ್ದರೆ ಒಂದು ಮಾತು ಹೇಳಿ. 'ಸರಿಹೋಯ್ತದೆ ಬುಡು' ಅನ್ನೋದಕ್ಕಿಂತ ಅದೇ ದೊಡ್ಡ ಉಪಕಾರ.