ಟೇಬಲ್ಲಿಗೆ ಬೆಂಚು ಕಟ್ಟಿಹಾಕಬ್ಯಾಡ್ರಿ

ಈಗ ಎಲ್ಲಾರ ಹಿತ್ತಲದಾಗೂ ಕಟಗಿ ಟೇಬಲ್ ಮಾಡಿಸೋ ಹುಕಿ ಸುರು ಆಗೈತಿ. ಒಳ್ಳೇದ ಆತು. ಪ್ಲಾಸ್ಟಿಕ್ ಖುರ್ಚಿ ಬಿಸಲಿಗೆ ಒಣಗಿ ಪಟ್ ಅಂತ ಮುರಿಯೂದು ನೋಡಿ ನೋಡಿ ಸಾಕಾಗಿತ್ತು. ಆದ್ರ ಮಕ್ಕಳು ಮೊಬೈಲಿನ್ಯಾಗ ಒಂದು ಫೋಟೋ ತೋರಸ್ತಾರ, ಬಡಿಗ್ಯಾರು ಅದನ್ನ ಹಂಗ ಮಾಡಿ ಕೊಡ್ತಾರ. ನಡುವ ಟೇಬಲ್, ಎರಡೂ ಬಾಜೂ ಬೆಂಚು, ಮೂರೂ ಸೇರಿ ಒಂದ ಚೌಕಟ್ಟು. ನೋಡಾಕ ಛಂದ ಐತಿ. ಆದ್ರ ನನ್ನ ತಕರಾರು ಇರೂದು ಆ ಜೋಡಿಸಿದ ಬೆಂಚಿನ ಮ್ಯಾಲ.

ಅದರಾಗ ಕುಂದರಬೇಕಂದ್ರ ಒಂದು ಕಾಲು ಎತ್ತಿ ಬೆಂಚು ದಾಟಸಬೇಕು, ಆಮ್ಯಾಲ ಇನ್ನೊಂದು. ಪ್ಯಾಂಟು ಹಾಕ್ಕೊಂಡ ಹುಡುಗರಿಗೆ ಅದೇನು ದೊಡ್ಡದಲ್ಲ. ಸೀರಿ ಉಟ್ಟಾಕಿಗೆ, ಮಣಕಾಲು ಹಿಡಕೊಂಡಾಕಿಗೆ ಹೆಂಗ ಸಾಧ್ಯ ಹೇಳ್ರಿ? ಎಪ್ಪತ್ತು ವರ್ಷದ ಅತ್ತಿಯವರಂತೂ ದೂರದಿಂದ ನೋಡಿ, "ನೀವು ಕುಂದರ್ರೆವಾ, ನಾ ಒಳಗ ಉಣ್ತೇನಿ" ಅಂತಾರ. ನಡುವ ಸಿಕ್ಕಾಕಿ ಏಳಬೇಕಂದ್ರ ಬಾಜೂಕಿನವರನ್ನ ಎಬ್ಬಸಬೇಕು. ಊಟದಾಗ ಹತ್ತು ಸಲ ಏಳಾವ್ರು ಯಾರು? ನೀರು, ರೊಟ್ಟಿ, ಚಟ್ನಿ ಅಂತ ನಾವ. ಕಡೀಕ ನಾವು ಕುಂದರೂದ ಬಿಡ್ತೇವಿ. ಹಿತ್ತಲದಾಗ ಹೊಸಾ ಟೇಬಲ್ ಬಂತು, ಆದ್ರ ನಾವು ಉಣ್ಣೂದು ಮತ್ತ ಎಲ್ಲಾರದು ಮುಗದ ಮ್ಯಾಲ ಅಡಗಿಮನ್ಯಾಗ!

"ಜೋಡಿಸಿದ್ರ ಗಟ್ಟಿ ಇರ್ತೈತಿ" ಅಂತ ಹೇಳ್ತಾರ. ಇದು ಖರೇ ಅಲ್ಲ. ಒಂದ ಬಾಜೂ ಇಬ್ಬರು ದಪ್ಪನವರು ಕುಂತು, ಎದುರಿನ ಬೆಂಚು ಖಾಲಿ ಇದ್ರ ಟೇಬಲ್ ಸೈತ ವಾಲತೈತಿ. ಅಮೇರಿಕಾದ ಪಾರ್ಕಿನ್ಯಾಗ ಇಂಥಾವು ಭಾಳ. ಅಲ್ಲಿ ಬೆಂಚು ಯಾರೂ ಹೊತಗೊಂಡು ಹೋಗಬಾರದು, ಸರೀ ಐತಿ. ನಮ್ಮ ಹಿತ್ತಲದ ಬೆಂಚು ಕದಿಯಾಕ ಯಾರು ಬರ್ತಾರ?

ಗಟ್ಟಿತನ ಬರೂದು ಓರೆ ಪಟ್ಟಿಯಿಂದ. ಹೊಲದ ಗೇಟಿಗೆ ಮೂಲಿಯಿಂದ ಮೂಲಿಗೆ ಒಂದು ಪಟ್ಟಿ ಹೊಡದಿರ್ತಾರಲ್ಲ, ಹಂಗ ಟೇಬಲ್ಲಿನ ಕಾಲಿನಿಂದ ಮ್ಯಾಲಿನ ಹಲಗಿಯ ನಡುವಿಗೆ ಓರೆ ಪಟ್ಟಿ ಕೊಡಸ್ರಿ. ತ್ರಿಕೋನ ಆದ್ರ ಅಲಗ್ಯಾಡಂಗಿಲ್ಲ. ಮೊಳಿ ಬ್ಯಾಡ, ವಾಸರ್ ಹಾಕಿ ನಟ್-ಬೋಲ್ಟ್ ಹಾಕಸ್ರಿ. ಕಟಗಿ ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಸೊರಗತೈತಿ, ಮೊಳಿ ಸಡ್ಲ ಆಗ್ತಾವು. ಬೋಲ್ಟ್ ಆದ್ರ ವರ್ಷಕ್ಕೊಮ್ಮೆ ನಾವ ಪಾನಾ ಹಿಡದು ಬಿಗಿ ಮಾಡಬಹುದು.

ಅಳತಿ ಹೇಳ್ತೇನಿ, ಬರಕೋರಿ. ಒಬ್ಬರಿಗೆ 2 ಫೂಟು ಜಾಗ ಬೇಕು. 6 ಫೂಟಿನ ಟೇಬಲ್ಲಿಗೆ ಬಾಜೂಕ ಮೂರು ಮಂದಿ. ಎತ್ತರ 29-30 ಇಂಚು, ಬೆಂಚು 17-18. ನಮ್ಮಂಥಾ ಗಿಡ್ಡನವರಿದ್ರ ಎರಡನ್ನೂ ಒಂದೊಂದು ಇಂಚು ಇಳಸ್ರಿ, ಆದ್ರ ಎರಡರ ನಡುವ 12 ಇಂಚಿನ ಅಂತರ ಇರಲಿ. ಹಲಗಿ 1½ ಇಂಚು ದಪ್ಪ. ಹಲಗಿ ಹಲಗಿ ನಡುವ ಕಾಲು ಇಂಚು ಸಂದಿ ಬಿಡಸ್ರಿ, ಮಳಿ ನೀರು ಇಳದು ಹೋಗಲಿ. ಬೆಂಚು ಬ್ಯಾರೆ ಮಾಡಸ್ರಿ, ಅವಕ್ಕೂ ಓರೆ ಪಟ್ಟಿ ಇರಲಿ. ಒಂದು ಬೆಂಚಿಗೆ ಬೆನ್ನಿಗೆ ಆನಿಕಿ ಇರಲಿ, ಅದು ಹಿರೇರಿಗೆ.

ಕಟಗಿಗೆ ರೊಕ್ಕ ಭಾಳ ಅಂತೀರಿ. ಹಳೇ ಮನಿ ಕೆಡವಿದಲ್ಲೆ ಸಾಗವಾನಿ ತೊಲಿ, ಜಂತಿ ಸಿಗತಾವು, ಕೇಳಿ ನೋಡ್ರಿ. ಒಳಗಿನ ಹಳೇ ಮೊಳಿ ತಗಸಿದ ಮ್ಯಾಲ ಕೊಯ್ಸಬೇಕು, ಇಲ್ಲಾಂದ್ರ ಗರಗಸ ಹಾಳು. ಹೊಸಾ ಕಟಗಿ ಆದ್ರ ಕೆಚ್ಚು ಕೇಳ್ರಿ, ಅಂಚಿನ ಬಿಳೀ ಭಾಗಕ್ಕ ಲಗೂನ ಹುಳ ಹತ್ತತೈತಿ. ಕಾಲು ಮಣ್ಣಿನ್ಯಾಗ ಹುಗಿಯಬ್ಯಾಡ್ರಿ. ಶಹಾಬಾದ ಕಲ್ಲಿನ ತುಂಡು ಇಟ್ಟು ಅದರ ಮ್ಯಾಲ ನಿಲ್ಲಸ್ರಿ, ಗೆದ್ದಲು ಏರಿದ್ರ ಕಣ್ಣಿಗೆ ಬೀಳತೈತಿ.

ಎಣ್ಣಿ ಹಚ್ಚಾಕ ಬಣ್ಣದ ಅಂಗಡ್ಯಾಗ ಸಿಗೂ ಕುದಿಸಿದ ಅಗಸಿ ಎಣ್ಣಿ ತರ್ರಿ. ಗಾಣದ ಹಸಿ ಎಣ್ಣಿ ಭಾಳ ದಿನ ಅಂಟಂಟ ಇರ್ತೈತಿ. ಒರಸಿದ ಅರಬಿ ಮುದ್ದಿ ಮಾಡಿ ಒಗಿಯಬ್ಯಾಡ್ರಿ, ತಾನಾಗೇ ಕಾದು ಬೆಂಕಿ ಹತ್ತತೈತಿ. ಹೊರಗ ಬಿಡಿಸಿ ಹರವಿ ಒಣಗಸ್ರಿ.

ಇನ್ನೊಂದು ಮಾತು ಬರತೈತಿ, "ನೆಲದ ಮ್ಯಾಲ ಉಣ್ಣೂದು ನಮ್ಮ ಪದ್ಧತಿ" ಅಂತ. ಎಳ್ಳಮಾಸಿಗೆ ಹೊಲದಾಗ ನಾನೂ ನೆಲದ ಮ್ಯಾಲೇ ಕುಂದರ್ತೇನಿ. ಆದ್ರ ಕುಂತ್ರ ಏಳಾಕ ಬರದಾಕಿಗೆ ಪದ್ಧತಿ ಹೇಳಿ ಏನು ಉಪಯೋಗ? ಪದ್ಧತಿ ಹೇಳೋ ಗಂಡಸರು ಮೊದಲ ಪಂಕ್ತ್ಯಾಗ ಉಂಡು ಎದ್ದಿರ್ತಾರ.

ಬಡಿಗ್ಯಾರು ಬಂದಾಗ ನಿಮ್ಮ ಮನ್ಯಾಗ ಮಣಕಾಲು ನೋಯೋ ಹಿರೇರು ಯಾರದಾರೋ ಅವರನ್ನ ಬಾಜೂಕ ಕರಕೊಂಡು ನಿಂದರ್ರಿ. ಸ್ಟೂಲಿನ ಮ್ಯಾಲ ಕುಂದರಸಿ, ಏಳಾಕ ಹಚ್ಚಿ, ಅವರಿಗೆ ಹಿತ ಆಗೂ ಎತ್ತರದ ಅಳತಿ ತಗಸ್ರಿ. ಅವರು ಆರಾಮ ಕುಂತ ಜಾಗದಾಗ ಉಳದವರೆಲ್ಲಾ ಹೆಂಗೂ ಕುಂದರತಾರ.