ಧರ್ಮಸ್ಥಳಕ್ಕೆ ನಡೆಯುವವರೇ, ಯಾವ ಘಾಟಿ ಎಂದು ಮೊದಲೇ ಗೊತ್ತು ಮಾಡಿ

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಜಿಲ್ಲೆಯ ಊರೂರಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುತ್ತದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಎಲ್ಲಿಂದ ಹೊರಟರೂ ಹಾಸನಕ್ಕೆ 30ರಿಂದ 40 ಕಿ.ಮೀ. ಅಲ್ಲಿಂದ ಮುಂದೆ ಯಾವ ಘಾಟಿ ಎಂಬುದೇ ಪ್ರಶ್ನೆ.

ಸಕಲೇಶಪುರ, ಶಿರಾಡಿ ದಾರಿ ಹತ್ತಿರ. ಆದರೆ ಅದು ರಾಷ್ಟ್ರೀಯ ಹೆದ್ದಾರಿ 75. ಮಂಗಳೂರು ಕಡೆಯ ಲಾರಿ, ಟ್ಯಾಂಕರ್‌ಗಳು ಹಗಲೂ ರಾತ್ರಿ ಓಡುತ್ತವೆ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಉಜಿರೆಗೆ ಹೋಗುವುದು ಸ್ವಲ್ಪ ಸುತ್ತು. ಆದರೂ ಚಾರ್ಮಾಡಿಯೇ ಸರಿ ಎನ್ನುತ್ತೇವೆ ನಾವು.

ಅರಕಲಗೂಡು ಕಡೆಯವರಿಗೆ ಬಿಸಿಲೆ ಘಾಟಿಯೂ ನೆನಪಾಗುತ್ತದೆ. ಅದು ಸುಬ್ರಹ್ಮಣ್ಯದ ಕಡೆಗೆ ಇಳಿಯುವ ದಟ್ಟ ಕಾಡು. ಆನೆ ಓಡಾಟ ಇದೆ, ಮನೆಗಳು ಕಡಿಮೆ. ಕಾಲ್ನಡಿಗೆಗೆ ಬೇಡ.

ಚಾರ್ಮಾಡಿಯಲ್ಲೂ ರಸ್ತೆ ಕಿರಿದು, ತಿರುವು ಜಾಸ್ತಿ, ಕಾಡಾನೆಯೂ ಇದೆ. ಬಿಸಿಲಿಗೆ ಹೆದರಿ ರಾತ್ರಿ ನಡೆಯುವುದು ನಮ್ಮವರ ರೂಢಿ. ಬಯಲಲ್ಲಿ ಟಾರ್ಚ್ ಹಿಡಿದು ಸಾಲಾಗಿ ನಡೆದರೆ ನಡೆದೀತು, ಘಾಟಿಯಲ್ಲಿ ಆಗದು. ಕೊಟ್ಟಿಗೆಹಾರದಲ್ಲಿ ತಂಗಿ, ಬೆಳಕು ಹರಿದ ಮೇಲೆ ಇಳಿಯಿರಿ. ಕಾಡಿನ ನೆರಳಿರುವುದರಿಂದ ಅಲ್ಲಿ ಬಿಸಿಲಿನ ಕಾಟವೂ ಕಡಿಮೆ.

ಯಾವ ದಾರಿಯಲ್ಲಿ ಊಟ, ಮಜ್ಜಿಗೆ ಜಾಸ್ತಿ ಕೊಡುತ್ತಾರೆ ಎಂದು ನೋಡಿ ಹೊರಡುವವರೂ ಇದ್ದಾರೆ. ಒಂದು ಹೊತ್ತಿನ ಊಟ ತಪ್ಪಿದರೆ ಚೀಲದಲ್ಲಿ ಅವಲಕ್ಕಿ ಇರುತ್ತದೆ. ಕತ್ತಲಲ್ಲಿ ಲಾರಿ ಬಡಿದರೆ ಮನೆಗೆ ಏನು ಹೇಳುವುದು? ಹರಕೆ ಹೊತ್ತಿರುವುದು ನಡೆಯುತ್ತೇವೆಂದು, ಬೇಗ ಮುಟ್ಟುತ್ತೇವೆಂದಲ್ಲ. ತಂಡದ ಹಿರಿಯರು ಊರು ಬಿಡುವ ಮುನ್ನವೇ ದಾರಿಯನ್ನೂ ತಂಗುವ ಜಾಗವನ್ನೂ ಎಲ್ಲರಿಗೂ ಹೇಳಿಬಿಡಲಿ.