ಬಡ್ಡಿಯ ದರ, ಕಂತಿನ ದಿನ

ಪ್ರತಿ ತಿಂಗಳೂ ಗೊತ್ತುಮಾಡಿದ ಮೊತ್ತ ಕಟ್ಟಿ, ಅವಧಿ ಮುಗಿದ ಮೇಲೆ ಬಡ್ಡಿ ಸಮೇತ ಪಡೆಯುವ ಖಾತೆಗೆ ಬ್ಯಾಂಕಿನ ಕಾಗದಗಳಲ್ಲಿ ಆವರ್ತ ಠೇವಣಿ ಎಂದು ಹೆಸರು. ಜನ ಕರೆಯುವುದು ಆರ್.ಡಿ. ಎಂದೇ. ಈ ಖಾತೆಯ ಬಗ್ಗೆ ಈಗ ಎಲ್ಲೆಡೆ ಕೇಳಿಬರುವ ಸಲಹೆ ಒಂದೇ: ಯಾರು ಹೆಚ್ಚು ಬಡ್ಡಿ ಕೊಡುತ್ತಾರೋ ಅಲ್ಲಿ ಕಟ್ಟಿ. ಸಲಹೆ ಕೊಡುವವರು ಲೆಕ್ಕ ಹಾಕಿ ನೋಡಿದ್ದು ಕಡಿಮೆ. ಕಂತಿನ ಉಳಿತಾಯದಲ್ಲಿ ದರ ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮನೆಯಲ್ಲಿ ಸಾಲ ಎಷ್ಟಿದೆ, ಹಣ ಯಾವ ಕಾಲಕ್ಕೆ ಕೈಗೆ ಬರುತ್ತದೆ, ಖಾತೆಯ ನಿಯಮ ಅದಕ್ಕೆ ಹೊಂದುತ್ತದೆಯೇ, ಕಟ್ಟಿದ್ದಕ್ಕೆ ಭದ್ರತೆ ಏನು ಎಂಬವು ಅದಕ್ಕಿಂತ ಮೊದಲು ಬರುತ್ತವೆ.

ತಿಂಗಳಿಗೆ 2,000 ರೂಪಾಯಿಯಂತೆ ಒಂದು ವರ್ಷ ಕಟ್ಟಿದರೆ ಒಟ್ಟು 24,000. ಆದರೆ ಮೊದಲ ಕಂತು ಹನ್ನೆರಡು ತಿಂಗಳು ದುಡಿದರೆ ಕೊನೆಯದು ದುಡಿಯುವುದು ಒಂದೇ ತಿಂಗಳು. ಎಲ್ಲ ಕಂತುಗಳನ್ನೂ ಕೂಡಿಸಿ ನೋಡಿದರೆ, ಅದು 13,000 ರೂಪಾಯಿಯನ್ನು ಇಡೀ ವರ್ಷ ಇಟ್ಟದ್ದಕ್ಕೆ ಸಮ. ಸರಳ ಲೆಕ್ಕದಲ್ಲಿ ಶೇ 7ರಂತೆ ಬಡ್ಡಿ 910 ರೂಪಾಯಿ, ಶೇ 9ರಂತೆ 1,170. ಎರಡು ಪರ್ಸೆಂಟ್ ಹೆಚ್ಚಿಗಾಗಿ ಊರೂರು ಅಲೆದದ್ದಕ್ಕೆ ವರ್ಷಕ್ಕೆ ದಕ್ಕುವುದು 260 ರೂಪಾಯಿ. ಅದೇ ಮನೆಯಲ್ಲಿ ಹತ್ತು ಸಾವಿರದ ಕೈಸಾಲವಿದ್ದು, ಹಳ್ಳಿಯ ಮಾತಿನಲ್ಲಿ ‘ಮೂರು ರೂಪಾಯಿ ಬಡ್ಡಿ’ ನಡೆಯುತ್ತಿದ್ದರೆ, ನೂರಕ್ಕೆ ತಿಂಗಳಿಗೆ ಮೂರರಂತೆ ವರ್ಷಕ್ಕೆ ಹೋಗುವುದು 3,600. ಬ್ಯಾಂಕು ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತದೆ, ಊರು ತಿಂಗಳ ಲೆಕ್ಕದಲ್ಲಿ ಹೇಳುತ್ತದೆ. ಹಾಗಾಗಿ ಏಳು ದೊಡ್ಡದೆಂದೂ ಮೂರು ಚಿಕ್ಕದೆಂದೂ ತೋರುತ್ತದೆ. ಇಂಥ ಸಾಲ ತೀರುವ ತನಕ ಯಾವ ಆರ್.ಡಿ.ಯಲ್ಲೂ ಲಾಭವಿಲ್ಲ.

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿಯಂಥ ಕಡೆ ಕಂತಿನ ಉಳಿತಾಯಕ್ಕೆ ಎದುರಾಗುವ ಆಕ್ಷೇಪ ಬೇರೆ, ಮತ್ತು ಅದು ತೂಕದ್ದು. ತಿಂಗಳ ಕಂತು ತಿಂಗಳ ಸಂಬಳದವರಿಗೆ ಹೊಂದುವ ಏರ್ಪಾಟು. ಮಳೆ ನಂಬಿದ ಸೀಮೆಯಲ್ಲಿ ಆದಾಯಕ್ಕೆ ತಿಂಗಳೆಂಬುದಿಲ್ಲ. ಮುಂಗಾರಿಗೆ ಬಿತ್ತಿದ ಕಡಲೆಕಾಯಿ ಹಣವಾಗುವುದು ದೀಪಾವಳಿಯ ಆಸುಪಾಸು. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಕುರಿ ಮಾರಿದ ಹಣ ಒಮ್ಮೆಲೇ ಬರುತ್ತದೆ. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆಯಿದೆ, ಆದರೆ ಹಸು ಬತ್ತಿದ ತಿಂಗಳುಗಳೂ ಇವೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುವ ಹಣ. ಅದೂ ಕೆಲವು ಸಲ ತಡವಾಗಿ, ಎರಡು ಕಂತು ಒಟ್ಟಿಗೆ ಬಂದದ್ದಿದೆ. ಪಾವಗಡದ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆ ಗೊತ್ತಾಯಿತು, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯೊಂದಿಗೆ. ಇವರಲ್ಲಿ ಯಾರಿಗೂ ‘ತಿಂಗಳಿಗಿಷ್ಟು ತಪ್ಪದೆ ಕಟ್ಟಿ’ ಎಂಬ ಮಾತು ಹಾಗೆಯೇ ಒಗ್ಗುವುದಿಲ್ಲ.

ಈ ಆಕ್ಷೇಪಕ್ಕೆ ಕರ್ನಾಟಕದಲ್ಲೇ ಹಳೆಯ ಉತ್ತರವೊಂದಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ದಿನಕ್ಕೆ ಎರಡಾಣೆಯಾದರೂ ಸರಿ, ಪಡೆದು ಬರೆದುಕೊಂಡು ಹೋಗುತ್ತಿದ್ದ. ದಿನವಹಿ ವ್ಯಾಪಾರದವರ ಕೈಗೆ ಹಣ ಬರುವುದು ದಿನದ ಕೊನೆಗೆ. ಅದು ಖರ್ಚಾಗುವ ಮುನ್ನ ಒಂದು ಪಾಲು ಬೇರೆಯಾಗುತ್ತಿತ್ತು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಊರೂರಿನ ಸಂಘಗಳಲ್ಲಿ ಉಳಿದಿದೆ. ಪಿಗ್ಮಿಯನ್ನು ಬೆಳೆಸಿದ್ದು ಬಡ್ಡಿಯಲ್ಲ. ಹಣ ಇರುವ ಹೊತ್ತಿಗೆ ಅದನ್ನು ಕೇಳುವವರು ಎದುರಿಗಿರುತ್ತಿದ್ದರು.

ವರ್ಷಕ್ಕೊಮ್ಮೆ ಹಣ ಕಾಣುವ ರೈತರಿಗೆ ಅಂಥದ್ದೇ ಅನುಕೂಲವೊಂದು ಅಂಚೆ ಕಚೇರಿಯ ಆರ್.ಡಿ.ಯಲ್ಲಿದೆ, ಮತ್ತು ಅದನ್ನು ಬಳಸುವವರು ತೀರ ಕಡಿಮೆ. ಈ ಖಾತೆಗೆ ಐದು ವರ್ಷದ ಅವಧಿ, 60 ಕಂತು, ತಿಂಗಳಿಗೆ ಕನಿಷ್ಠ 100 ರೂಪಾಯಿ. 2023ರ ಅಕ್ಟೋಬರ್‌ನಲ್ಲಿ ದರ ಶೇ 6.7ಕ್ಕೆ ಏರಿತು, ಆ ದರದಲ್ಲಿ ತಿಂಗಳಿಗೆ 1,000 ಕಟ್ಟಿದವರಿಗೆ 60,000ಕ್ಕೆ ಸುಮಾರು 71,366 ರೂಪಾಯಿ ಬರುತ್ತದೆ. ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತದೆ. ಮುಖ್ಯವಾದದ್ದು ಮುಂಗಡದ ನಿಯಮ. ಆರು ಕಂತು ಒಟ್ಟಿಗೆ ಕಟ್ಟಿದರೆ ನೂರು ರೂಪಾಯಿಯ ಖಾತೆಗೆ 10 ರೂಪಾಯಿ, ಹನ್ನೆರಡು ಕಂತು ಒಟ್ಟಿಗೆ ಕಟ್ಟಿದರೆ 40 ರೂಪಾಯಿ ರಿಯಾಯಿತಿ. ತಿಂಗಳಿಗೆ 500ರ ಖಾತೆಯಾದರೆ ವರ್ಷದ 6,000ಕ್ಕೆ ಬದಲು 5,800 ಕಟ್ಟಿದರೆ ಸಾಕು. ಕಡಲೆಕಾಯಿ ಮಾರಿದ ಹಣವನ್ನು ಉಳಿತಾಯ (ಎಸ್.ಬಿ.) ಖಾತೆಯಲ್ಲೇ ಬಿಟ್ಟು ಅಲ್ಲಿಂದ ತಿಂಗಳು ತಿಂಗಳು ಕಂತು ಕಟ್ಟುವವರ ಜೊತೆ ಇದನ್ನು ಹೋಲಿಸಬೇಕು. 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಯ ದರವನ್ನು ಶೇ 2.5ಕ್ಕೆ ಇಳಿಸಿತು, ಆ ದರದಲ್ಲಿ ಉಳಿಕೆ ಹಣಕ್ಕೆ ವರ್ಷದಲ್ಲಿ 70 ರೂಪಾಯಿಯೂ ಹುಟ್ಟುವುದಿಲ್ಲ. ಅಂಚೆಯ ಮುಂಗಡಕ್ಕೆ 200 ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ, ಸುಗ್ಗಿಯ ಹಣ ಬೇಸಿಗೆಯ ಹೊತ್ತಿಗೆ ಕರಗಿಹೋಗದಿರುವುದು.

ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ. ಸತತ ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ಲುತ್ತದೆ. ಮತ್ತೆ ಜೀವ ಕೊಡಲು ಎರಡು ತಿಂಗಳ ಅವಕಾಶ ಮಾತ್ರ. ಹೀಗಿರುವಾಗ 2,000ದ ಒಂದು ಖಾತೆಗಿಂತ 500ರ ನಾಲ್ಕು ಖಾತೆ ಮೇಲು. ಎಷ್ಟು ಖಾತೆ ಬೇಕಾದರೂ ತೆರೆಯಲು ಅವಕಾಶವಿದೆ. ಕೈ ಬಿಗಿಯಾದ ತಿಂಗಳು ಎರಡು ತಪ್ಪಿದರೂ ಎರಡು ನಡೆಯುತ್ತವೆ, ತುರ್ತಿಗೆ ಒಂದನ್ನು ಮುರಿದರೂ ಮೂರು ಉಳಿಯುತ್ತವೆ.

ನಿಜವಾಗಿಯೂ ಹೆಚ್ಚು ಬಡ್ಡಿಯ, ಅದೂ ಸರ್ಕಾರದ ಭದ್ರತೆಯ ಕಂತಿನ ಖಾತೆ ಬೇಕೆನ್ನುವವರಿಗೆ ಸುಕನ್ಯಾ ಸಮೃದ್ಧಿ ಇದೆ. 2015ರ ಜನವರಿಯಲ್ಲಿ ಬಂದ ಈ ಖಾತೆಯನ್ನು ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯಬೇಕು. 2024ರ ಜನವರಿಯಿಂದ ಶೇ 8.2ರ ಬಡ್ಡಿ ನಿಗದಿಯಾಯಿತು, ಆದರೆ ಆರ್.ಡಿ.ಯಂತೆ ದರ ಇಲ್ಲಿ ನೆಲೆ ನಿಲ್ಲುವುದಿಲ್ಲ, ಸರ್ಕಾರ ಮೂರು ತಿಂಗಳಿಗೊಮ್ಮೆ ಬದಲಿಸಬಹುದು. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ. ನಡುವೆ ಎಷ್ಟಾದರೂ, ಯಾವಾಗಲಾದರೂ. ಕಟ್ಟುವುದು 15 ವರ್ಷ, ಕೈಗೆ ಬರುವುದು 21 ವರ್ಷಕ್ಕೆ, ಹತ್ತನೇ ತರಗತಿಯ ನಂತರ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ತಿಂಗಳ ಕಟ್ಟುಪಾಡಿಲ್ಲದ ಈ ಖಾತೆ ಮಳೆಯಾಶ್ರಿತ ಮನೆಗಳಿಗೆ ಆರ್.ಡಿ.ಗಿಂತ ಚೆನ್ನಾಗಿ ಹೊಂದುತ್ತದೆ. ಇಲ್ಲಿ ದಿನಾಂಕದ ಅರಿವು ಬೇಕು. ಪ್ರತಿ ತಿಂಗಳ 5ರಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗೆ ಬಡ್ಡಿ ಲೆಕ್ಕವಾಗುವುದರಿಂದ, 12,000 ರೂಪಾಯಿಯನ್ನು 4ನೇ ತಾರೀಕಿನ ಬದಲು 6ಕ್ಕೆ ಕಟ್ಟಿದರೆ ಆ ತಿಂಗಳ 82 ರೂಪಾಯಿ ಹೋಯಿತು. ದರಕ್ಕಾಗಿ ಅಲೆಯುವವರು ಇಂಥ ದಿನಗಳನ್ನು ಕಳೆದುಕೊಳ್ಳುವುದು ಬೇಸರದ ಸಂಗತಿ.

ಬೆಲೆಯೇರಿಕೆ ಈ ಬಡ್ಡಿಯನ್ನೆಲ್ಲ ತಿಂದುಹಾಕುತ್ತದೆ, ಮ್ಯೂಚುವಲ್ ಫಂಡಿನ ಎಸ್.ಐ.ಪಿ.ಯೇ ದಾರಿ ಎಂಬುದು ಓದಿದವರ ವಾದ. ಹತ್ತು ಹದಿನೈದು ವರ್ಷ ಮುಟ್ಟಬೇಕಿಲ್ಲದ ಹಣದ ಮಟ್ಟಿಗೆ ಆ ವಾದ ಸರಿ, ಒಪ್ಪಬೇಕಾದದ್ದು. ಆದರೆ ಜೂನ್‌ನ ಶಾಲೆ ಫೀಸು, ಕೊಳವೆಬಾವಿಯ ಮೋಟರ್ ರಿಪೇರಿ, ಗೊತ್ತಾದ ಮದುವೆ ಷೇರುಪೇಟೆ ಏರುವವರೆಗೆ ಕಾಯುವುದಿಲ್ಲ. ದಿನ ಗೊತ್ತಿರುವ ಖರ್ಚಿಗೆ ಮೊತ್ತ ಗೊತ್ತಿರುವ ಖಾತೆಯೇ ತಕ್ಕದ್ದು.

ಇನ್ನು ಎಲ್ಲರಿಗಿಂತ ಹೆಚ್ಚು ಬಡ್ಡಿ ಎಂದು ಕರೆಯುವವರ ಮಾತು. ಬ್ಯಾಂಕಿನ ಠೇವಣಿಗೆ, ಸಹಕಾರ ಬ್ಯಾಂಕೂ ಸೇರಿ, 2020ರ ಫೆಬ್ರವರಿಯಿಂದ ಐದು ಲಕ್ಷದವರೆಗೆ ವಿಮೆಯಿದೆ. ಅದಕ್ಕೆ ಮುಂಚೆ ಇದ್ದದ್ದು ಒಂದು ಲಕ್ಷ. ಹೆಚ್ಚು ಬಡ್ಡಿ ಕೊಡುವ ಸಣ್ಣ ಹಣಕಾಸು ಬ್ಯಾಂಕುಗಳಿಗೂ ಈ ವಿಮೆ ಅನ್ವಯವಾಗುತ್ತದೆ, ಆದ್ದರಿಂದ ಮಿತಿಯೊಳಗೆ ಅಲ್ಲಿ ಕಟ್ಟುವುದರಲ್ಲಿ ತಪ್ಪಿಲ್ಲ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ‘ಸಹಕಾರ’ ಎಂದಿರುವುದನ್ನು ಕಂಡು ಎರಡೂ ಒಂದೇ ಎಂದುಕೊಳ್ಳುವವರು ಲೆಕ್ಕವಿಲ್ಲದಷ್ಟು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದು ತಲಾ 35,000 ರೂಪಾಯಿ. ಹೆಚ್ಚಿನ ಬಡ್ಡಿ ನಂಬಿ ನಿವೃತ್ತಿಯ ಹಣವಿಟ್ಟ ಹಿರಿಯರು ಆ ಬಾಗಿಲ ಮುಂದೆ ನಿಂತರು. ಅದಾದರೂ ಬ್ಯಾಂಕಾಗಿತ್ತು, ವಿಮೆಯಿತ್ತು. 2019ರ ಜೂನ್‌ನಲ್ಲಿ ಮುಳುಗಿದ ಹೂಡಿಕೆ ಸಂಸ್ಥೆ ಐ.ಎಂ.ಎ. ಬ್ಯಾಂಕೂ ಅಲ್ಲ, ಅಲ್ಲಿ ಹಣ ಹಾಕಿದವರಿಗೆ ಯಾವ ವಿಮೆಯೂ ಇರಲಿಲ್ಲ. ವರ್ಷಕ್ಕೆ 260 ರೂಪಾಯಿಯ ಹೆಚ್ಚಳಕ್ಕಾಗಿ 24,000 ಅಸಲನ್ನು ಅಪಾಯಕ್ಕೊಡ್ಡಿ ಎಂದು ಬಡವರಿಗೆ ಹೇಳುವುದು ಸಲಹೆಯಲ್ಲ, ಅನ್ಯಾಯ.

ಕೊನೆಯದು ಖಾತೆ ಮುರಿಯುವ ವಿಚಾರ. ಅಂಚೆ ಆರ್.ಡಿ.ಯನ್ನು ಮೂರು ವರ್ಷ ಆಗುವವರೆಗೆ ಮುಚ್ಚುವಂತಿಲ್ಲ. ಅವಧಿಗೆ ಒಂದು ದಿನ ಮುಂಚೆ ಮುಚ್ಚಿದರೂ ಸಿಗುವುದು ಉಳಿತಾಯ ಖಾತೆಯ ಶೇ 4 ಮಾತ್ರ. ಹಣದ ತುರ್ತು ಬಿದ್ದಾಗ ಮುರಿಯುವುದಕ್ಕಿಂತ ಅದರ ಮೇಲೆ ಸಾಲ ಪಡೆಯುವುದು ಲೇಸು. ಹನ್ನೆರಡು ಕಂತು ಕಟ್ಟಿ ಒಂದು ವರ್ಷವಾದ ಖಾತೆಯ ಮೇಲೆ ಶಿಲ್ಕಿನ ಅರ್ಧದವರೆಗೆ, ಖಾತೆಯ ದರಕ್ಕಿಂತ ಶೇ 2 ಹೆಚ್ಚಿನ ಬಡ್ಡಿಗೆ ಸಾಲ ಸಿಗುತ್ತದೆ: ಶೇ 6.7ರ ಖಾತೆಗೆ ಶೇ 8.7. ಊರಿನ ಮೂರು ರೂಪಾಯಿ ಬಡ್ಡಿ ವರ್ಷಕ್ಕೆ ಶೇ 36. ತೆರಿಗೆಯ ಮಟ್ಟಿಗೆ ಹೇಳುವುದಾದರೆ, ಬ್ಯಾಂಕಿನ ಆರ್.ಡಿ. ಬಡ್ಡಿಗೆ 2015ರ ಜೂನ್‌ನಿಂದ ಮೂಲದಲ್ಲೇ ತೆರಿಗೆ ಕಡಿತ (ಟಿ.ಡಿ.ಎಸ್.) ಅನ್ವಯವಾಗುತ್ತದೆಯಾದರೂ, 2025ರ ಏಪ್ರಿಲ್‌ನಿಂದ ವರ್ಷದ ಬಡ್ಡಿ 50,000 ರೂಪಾಯಿ, ಹಿರಿಯ ನಾಗರಿಕರಿಗೆ ಒಂದು ಲಕ್ಷ ದಾಟುವವರೆಗೆ ಕಡಿತವಿಲ್ಲ. ಐದು ವರ್ಷ ತುಂಬಿದ ಅಂಚೆ ಖಾತೆಯನ್ನು ಅರ್ಜಿ ಕೊಟ್ಟು ಇನ್ನೈದು ವರ್ಷ ಹಳೆಯ ದರದಲ್ಲೇ ಮುಂದುವರಿಸಬಹುದು, ನಡುವೆ ಯಾವಾಗ ಬೇಕಾದರೂ ಮುಚ್ಚಬಹುದು. ಆಗ ಪೂರ್ತಿಯಾದ ವರ್ಷಗಳಿಗೆ ಆರ್.ಡಿ. ದರ, ಉಳಿದ ತಿಂಗಳುಗಳಿಗೆ ಉಳಿತಾಯ ಖಾತೆಯ ದರ.